ರಾಜೀನಾಮೆ ಪತ್ರ ಡ್ರಾಫ್ಟ್‌ನಲ್ಲೇ ಇರಲಿ

ಪ್ರಶ್ನೆ: ನನಗೆ 28 ವರ್ಷ. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯಲ್ಲಿ ಎಂಜಿನಿಯರ್. ನಮ್ಮ ಸಿ.ಎಸ್.ಐ. (ದಕ್ಷಿಣ ಭಾರತ ಸಭೆ ಎಂಬ ಪ್ರೊಟೆಸ್ಟೆಂಟ್ ಚರ್ಚು) ಕನ್ನಡ ಸಭೆಯ ಗಾಯನ ತಂಡವನ್ನು ಆರು ವರ್ಷಗಳಿಂದ ನಡೆಸುತ್ತಿದ್ದೇನೆ. ಹಾಡುವಾಗ ಸಿಗುವ ನೆಮ್ಮದಿ ಬೇರೆಲ್ಲೂ ಇಲ್ಲ. ಕೆಲಸ ಬಿಟ್ಟು, ಎರಡು ವರ್ಷದ ಎಂ.ಟಿಎಚ್. (ದೇವಶಾಸ್ತ್ರದ ಸ್ನಾತಕೋತ್ತರ ಪದವಿ) ಓದಿ ದೇವರ ಸೇವೆಗೆ ಇಳಿಯುವ ಆಸೆ. ‘ಹೆಣ್ಣುಮಗಳು ಅಯ್ಯನವರು (ಪಾದ್ರಿ) ಆಗುವುದು ಎಲ್ಲಾದರೂ ಉಂಟೇ? ಮನೆ ಸಾಲ ಯಾರು ಕಟ್ಟುತ್ತಾರೆ?’ ಎನ್ನುತ್ತಾರೆ ಅಪ್ಪ. ಇದು ಕರೆಯೋ, ಕೆಲಸದ ಬೇಸರವೋ ತಿಳಿಯುತ್ತಿಲ್ಲ.
– ಹೆಸರು ಬೇಡ, ಬೆಂಗಳೂರು

ಉತ್ತರ: ಅಪ್ಪನ ಮೊದಲ ಪ್ರಶ್ನೆಗೆ ಉತ್ತರ ಸುಲಭ: ಉಂಟು. ದಕ್ಷಿಣ ಭಾರತ ಸಭೆಯಲ್ಲಿ ಮಹಿಳೆಯೊಬ್ಬರು ಮೊದಲು ಪಾದ್ರಿಯಾಗಿ ದೀಕ್ಷೆ ಪಡೆದದ್ದು 1976ರಲ್ಲಿ. 2013ರಲ್ಲಿ ಪುಷ್ಪಲಲಿತಾ ಅವರು ನಂದ್ಯಾಲದ ಬಿಷಪ್ಪರೇ ಆದರು. ಎರಡನೆಯ ಪ್ರಶ್ನೆಯಲ್ಲಿ ಮಾತ್ರ ನಾನು ಅಪ್ಪನ ಪಕ್ಷ, ಏಕೆಂದರೆ ನಿಮ್ಮ ಲೆಕ್ಕವೇ ತಪ್ಪಿದೆ.

ಎಂಜಿನಿಯರಿಂಗ್ ಪದವಿ ಹಿಡಿದು ಹೋದರೆ ನೇರವಾಗಿ ಎಂ.ಟಿಎಚ್. ಸಿಗುವುದಿಲ್ಲ. ಮಿಲ್ಲರ್ಸ್ ರಸ್ತೆಯ ಯುನೈಟೆಡ್ ಥಿಯಲಾಜಿಕಲ್ ಕಾಲೇಜನ್ನೇ ತೆಗೆದುಕೊಳ್ಳಿ. 1910ರಲ್ಲಿ ಶುರುವಾದ ಈ ಕಾಲೇಜು ದೇವಶಾಸ್ತ್ರದ ಪದವಿ ಕೊಡುವ ಸೆರಾಂಪುರದ ಸೆನೆಟ್‌ಗೆ ಸೇರಿದ್ದು, ಆ ಪದ್ಧತಿಯಲ್ಲಿ ಮೊದಲು ಬಿ.ಡಿ. (ದೇವಶಾಸ್ತ್ರದ ಮೊದಲ ಪದವಿ), ಆಮೇಲೆ ಎಂ.ಟಿಎಚ್. ಪದವೀಧರರಿಗೂ ಬಿ.ಡಿ. ನಾಲ್ಕು ವರ್ಷ. ನಿಮ್ಮ ಎರಡು ವರ್ಷ ಈಗ ಆರಾಯಿತು. ಅದರಲ್ಲಿ ಹೀಬ್ರೂ, ಗ್ರೀಕ್, ಸಭಾ ಚರಿತ್ರೆ, ಚರ್ಚಿನಲ್ಲಿ ಉಪದೇಶ ಮಾಡುವ ಕಲೆ, ಬೇರೆ ಧರ್ಮಗಳ ಅಧ್ಯಯನ ಎಲ್ಲ ಬರುತ್ತವೆ. ದೇವರ ಮೇಲೆ ಅಪಾರ ಪ್ರೀತಿ ಇದ್ದವರೂ ಹೀಬ್ರೂ ಕ್ರಿಯಾಪದದ ಮುಂದೆ ಕಂಗೆಡುತ್ತಾರೆ. ಸ್ವಂತ ಖರ್ಚಿನಲ್ಲಿ ಓದಿ ಬಂದ ಮಾತ್ರಕ್ಕೆ ದೀಕ್ಷೆ ದೊರೆಯುವುದೂ ಇಲ್ಲ. ಡಯಾಸಿಸ್ (ಬಿಷಪ್ಪರ ಆಡಳಿತಕ್ಕೆ ಸೇರಿದ ಸಭಾಪ್ರಾಂತ್ಯ) ನಿಮ್ಮನ್ನು ಅಭ್ಯರ್ಥಿಯಾಗಿ ಒಪ್ಪಬೇಕು. ಆ ಮಾತನ್ನು ರಾಜೀನಾಮೆಗೆ ಮೊದಲೇ ಆಡಿ ಮುಗಿಸಿ.

ಇನ್ನು ಕರೆಯೋ ಬೇಸರವೋ ಎಂಬುದು. ಎರಡೂ ಇರಬಹುದು, ಬೇಸರವಿದೆ ಎಂದು ಕರೆ ಸುಳ್ಳಾಗುವುದಿಲ್ಲ. ನನ್ನನ್ನು ಕಾಡಿದ್ದು ಬೇರೆಯೇ ಸಂಗತಿ. ನಿಮ್ಮ ಪತ್ರದಲ್ಲಿ ಹಾಡಿದೆ, ನೆಮ್ಮದಿಯಿದೆ, ಜನರೇ ಇಲ್ಲ. ಅಯ್ಯನವರ ವಾರದಲ್ಲಿ ಹಾಡಿನ ಪಾಲು ಭಾನುವಾರದ ಒಂದೆರಡು ಗಂಟೆ. ಉಳಿದದ್ದು ಆಸ್ಪತ್ರೆಯ ವಾರ್ಡು, ಹೊಸೂರು ರಸ್ತೆಯ ಸ್ಮಶಾನ, ಕಮಿಟಿಯಲ್ಲಿ ಮುಖ ತಿರುಗಿಸಿ ಕುಳಿತ ಎರಡು ಮನೆತನ, ಮಗ ಮಾತು ಬಿಟ್ಟನೆಂದು ಬಾಗಿಲು ತಟ್ಟುವ ತಾಯಿ. ನಿಮ್ಮ ಅಯ್ಯನವರನ್ನು ಕೇಳಿಕೊಂಡು ಮೂರು ತಿಂಗಳು ಅವರ ಹಿಂದೆ ಓಡಾಡಿ. ಗಿಟಾರ್ ಬೇಡ. ಹಾಡಲು ಹೇಳಿದರೂ ಹಾಡಬೇಡಿ, ಸುಮ್ಮನೆ ಕುಳಿತುಕೊಳ್ಳಿ. ಮನೆಗೆ ಮರಳಿದ ಮೇಲೂ ಆ ಮುಖಗಳು ನಿಮ್ಮನ್ನು ಬಿಡದಿದ್ದರೆ ಬಿ.ಡಿ. ಅರ್ಜಿ ತರಿಸಿ.

ಮನಸ್ಸು ಮತ್ತೆ ಮತ್ತೆ ಹಾಡಿನ ಕಡೆಗೇ ಓಡಿದರೆ ಅದನ್ನು ಸೋಲೆಂದುಕೊಳ್ಳಬೇಡಿ. ಪರದೇಶದ ರಾಗಕ್ಕೆ ಕನ್ನಡ ಪದಗಳನ್ನು ತುರುಕಿ, ಒತ್ತಕ್ಷರದಲ್ಲಿ ಎಡವುತ್ತ ನಾವು ಎಷ್ಟು ಭಾನುವಾರ ಹಾಡಿದ್ದೇವೆ! (ನಾನೂ ಎಡವಿದವಳೇ.) ಕಿಟೆಲ್ 1862ರಲ್ಲೇ ಯೇಸುವಿನ ಬದುಕನ್ನು ನಮ್ಮ ಛಂದಸ್ಸಿಗೆ ಕೂರಿಸಿದ್ದರು. ನಿಘಂಟಿನ ಕಿಟೆಲ್ ಎಲ್ಲರಿಗೂ ಗೊತ್ತು, ಈ ಕಿಟೆಲ್ ನಮ್ಮ ಗಾಯನ ತಂಡಗಳಿಗೇ ಗೊತ್ತಿಲ್ಲ. ಆ ಜಾಡು ಹಿಡಿದು ಕನ್ನಡ ಆರಾಧನೆಯ ಹಾಡನ್ನು ಓದಲು, ಬರೆಯಲು, ಕಲಿಸಲು ದೀಕ್ಷೆ ಬೇಕಿಲ್ಲ, ನೌಕರಿ ಬಿಡಬೇಕಾಗಿಯೂ ಇಲ್ಲ. ಕೆಲಸದಲ್ಲಿರುವ ಸಭೆಯ ಸದಸ್ಯರಿಗಾಗಿಯೇ ಸೆರಾಂಪುರದ ಸೆನೆಟ್ ದೂರಶಿಕ್ಷಣದಲ್ಲಿ ಕ್ರೈಸ್ತ ಅಧ್ಯಯನದ ಕೋರ್ಸುಗಳನ್ನು ನಡೆಸುತ್ತದೆ. ಅದರಿಂದ ಶುರು ಮಾಡಿ ನೋಡಬಹುದು.

ಇವತ್ತು ಸಂಜೆ ಸಾಲದ ಪುಸ್ತಕವನ್ನು ಅಪ್ಪನ ಮುಂದಿಟ್ಟು, ಎರಡಲ್ಲ, ಆರು ವರ್ಷದ ಕಂತನ್ನು ಇಬ್ಬರೂ ಕುಳಿತು ಕೂಡಿ. ಬಿಷಪ್ಪರ ವಿಷಯವನ್ನು ಊಟವಾದ ಮೇಲೆ ಎತ್ತಿ.