ಚೀಟಿಗಿಂತ ಮೊದಲು ನಾಡಿ

ಮದ್ದೂರು ತಾಲ್ಲೂಕಿನ ಓದುಗರಿಗೆ,

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಎದೆ ಉರಿ, ಮೈಯೆಲ್ಲ ಬೆವರು ಎನ್ನುತ್ತಿದ್ದ ತಾಯಿಯನ್ನು ರಾತ್ರಿ ಜಿಲ್ಲೆಯ ಸರ್ಕಾರಿ ಆಸ್ಪತ್ರೆಯೊಂದಕ್ಕೆ ಕರೆದೊಯ್ದಿರಿ. ‘ಚೀಟಿ ಮಾಡಿಸಿಕೊಂಡು ಬನ್ನಿ’ ಎಂದರು. ಒಂದೂವರೆ ಗಂಟೆ ಬೆಂಚಿನ ಮೇಲೆ ಕೂರಿಸಿದರು. ಆಮೇಲೆ ಬಂದ ಅಪಘಾತದ ಹುಡುಗರನ್ನು ಮೊದಲು ಒಳಗೆ ಕರೆದುಕೊಂಡರು. ಕೊನೆಗೆ ಇಸಿಜಿ ತೆಗೆದಾಗ ಹೃದಯಾಘಾತ ಎಂದು ತಿಳಿಯಿತು. ತಾಯಿ ಉಳಿದರು ಎಂಬ ಸಾಲು ಕಂಡ ಮೇಲೆಯೇ ನನಗೂ ಜೀವದಲ್ಲಿ ಜೀವ ಬಂದದ್ದು. ‘ಹಾಸಿಗೆ ಹೆಚ್ಚಿಸಿ, ಬಂದ ಸರದಿಯಲ್ಲೇ ನೋಡಿ ಎಂದು ನೀವಾದರೂ ಬರೆಯಿರಿ’ ಎಂದಿದ್ದೀರಿ.

ಸರದಿಯ ಮಾತನ್ನು ಒಪ್ಪಲಾರೆ. ಪಡಿತರ ಅಂಗಡಿಯ ನ್ಯಾಯ ತುರ್ತು ಚಿಕಿತ್ಸಾ ಘಟಕಕ್ಕೆ ಹೊಂದುವುದಿಲ್ಲ. ತಾಯಿಯ ಸ್ಥಿತಿ ಎಷ್ಟು ಗಂಭೀರವೆಂದು ಬಾಗಿಲಲ್ಲಿ ಒಬ್ಬರೂ ನೋಡಲಿಲ್ಲವಲ್ಲ, ನನ್ನ ಸಿಟ್ಟೆಲ್ಲ ಅದರ ಮೇಲೆ.

ಹೀಗೆ ನೋಡಿ ವಿಂಗಡಿಸುವುದನ್ನು ವೈದ್ಯರು ಟ್ರಯಾಜ್ ಎನ್ನುತ್ತಾರೆ. ನಾಡಿ, ರಕ್ತದೊತ್ತಡ, ಉಸಿರಾಟದ ವೇಗ, ಪ್ರಜ್ಞೆ, ರಕ್ತದಲ್ಲಿನ ಆಮ್ಲಜನಕ: ಅನುಭವಿ ನರ್ಸ್‌ಗೆ ಇದು ಕೆಲವೇ ನಿಮಿಷಗಳ ಕೆಲಸ. ಎದೆನೋವು ಎಂದು ಬಂದವರಿಗೆ 10 ನಿಮಿಷದೊಳಗೆ ಇಸಿಜಿ ತೆಗೆಯಬೇಕೆಂಬುದು ವೈದ್ಯರೇ ಒಪ್ಪಿಕೊಂಡಿರುವ ಗುರಿ. ಸಕ್ಕರೆ ಕಾಯಿಲೆಯವರಲ್ಲಿ, ವಯಸ್ಸಾದ ಹೆಂಗಸರಲ್ಲಿ ಹೃದಯಾಘಾತವು ನೋವೇ ಇಲ್ಲದೆ ಬರೀ ಸುಸ್ತು, ಬೆವರು, ಏದುಸಿರಾಗಿಯೂ ಬರುವುದುಂಟು. ನಾವು ಅದಕ್ಕೆ ‘ಗ್ಯಾಸ್ಟ್ರಿಕ್’ ಎಂದು ಹೆಸರಿಟ್ಟು ಸೋಡಾ ಕುಡಿಸುತ್ತೇವೆ.

ನನ್ನ ಸೋದರಮಾವನನ್ನು ಒಂದು ರಾತ್ರಿ ಮೈಸೂರಿನ ಆಸ್ಪತ್ರೆಯೊಂದಕ್ಕೆ ಕರೆದೊಯ್ದಿದ್ದೆ. ಬಾಗಿಲಲ್ಲಿ ನಿಂತಿದ್ದ ನರ್ಸ್ ನನ್ನ ಕೈಯ ಕಾಗದಗಳ ಕಡೆ ಕಣ್ಣೆತ್ತಲೂ ಇಲ್ಲ. ಮಾವನ ಮಣಿಕಟ್ಟು ಹಿಡಿದು ‘ನಿಮ್ಮ ಹೆಸರು, ಊರು ಹೇಳಿ’ ಎಂದರು. ಹೆಸರು ಹೇಳಿ ಊರು ಹೇಳುವಷ್ಟರಲ್ಲಿ ಮಾವ ಎರಡು ಸಲ ಉಸಿರಿಗಾಗಿ ನಿಂತರು. ಆಕೆಗೆ ಬೇಕಾಗಿದ್ದುದು ಊರಿನ ಹೆಸರಲ್ಲ ಎಂದು ಆಗ ಹೊಳೆಯಿತು. ತಲೆಯಿಂದ ರಕ್ತ ಸುರಿಯುತ್ತಿದ್ದ ಯುವಕನಿಗೆ ಬಟ್ಟೆ ಒತ್ತಿ ಹಿಡಿಯಲು ಹೇಳಿ ಕೂರಿಸಿದರು. ಸದ್ದಿಲ್ಲದೆ ಬೆವರುತ್ತಿದ್ದ ಮಾವನನ್ನು ಒಳಗೆ ಕಳುಹಿಸಿದರು. ಯುವಕನ ಕಡೆಯವರು ಗೊಣಗಿದಾಗ ಕಾರಣ ಹೇಳಿದರು. ಹತ್ತು ನಿಮಿಷಕ್ಕೊಮ್ಮೆ ಅವನನ್ನೂ ಬಂದು ನೋಡುತ್ತಿದ್ದರಂತೆ. ಕಾಯುತ್ತಿರುವವರನ್ನು ಮತ್ತೆ ಮತ್ತೆ ನೋಡದಿದ್ದರೆ ವಿಂಗಡಣೆಗೆ ಅರ್ಥವಿಲ್ಲ. ಸ್ವಲ್ಪ ಕಾಯಬಹುದೆಂದು ಹಳದಿ ಪಟ್ಟಿ ಪಡೆದವರು, ತಕ್ಷಣ ನೋಡಬೇಕಾದ ಕೆಂಪು ಪಟ್ಟಿಯವರಾಗಲು ಹೆಚ್ಚು ಹೊತ್ತು ಬೇಡ.

ಇನ್ನು ಹಾಸಿಗೆ. ಒಳಗೆ ಜಾಗವಿಲ್ಲದಿರಲು ಎಷ್ಟೋ ಸಲ ಕಾರಣ ಮೇಲಿನ ವಾರ್ಡು. ದಾಖಲಾಗಬೇಕಾದವರು ವಾರ್ಡಿನಲ್ಲಿ ಹಾಸಿಗೆ ಸಿಗದೆ ಸ್ಟ್ರೆಚರ್ ಮೇಲೆಯೇ ರಾತ್ರಿ ಕಳೆಯುತ್ತಾರೆ. ಮನೆಗೆ ಹೋಗಬೇಕಾದವರನ್ನು ಬೆಳಿಗ್ಗೆಯೇ ಬಿಡುಗಡೆ ಮಾಡಿದರೆ ಕೆಳಗೆ ಅಷ್ಟು ಜಾಗ ತೆರವಾಗುತ್ತದೆ. ಹಾಗೆ ಮಾಡದೆ ಕೆಳಗೆ ನಾಲ್ಕು ಹಾಸಿಗೆ ಹಾಕಿದರೆ ಅವೂ ವಾರದಲ್ಲಿ ತುಂಬುತ್ತವೆ.

ಚೀಟಿಯ ವಿಷಯ ಮಾತ್ರ ಚರ್ಚೆಗೆ ಬಿಟ್ಟದ್ದಲ್ಲ. ಜೀವ ಉಳಿಸುವ ಚಿಕಿತ್ಸೆ ಮೊದಲು, ವಿಧಿವಿಧಾನ ಆಮೇಲೆ ಎಂದು ಸುಪ್ರೀಂ ಕೋರ್ಟ್ 1989ರಲ್ಲಿಯೇ ಪರಮಾನಂದ ಕಟಾರಾ ಪ್ರಕರಣದಲ್ಲಿ ಹೇಳಿದೆ.

ಪಾಳಿಯ ವೈದ್ಯರ ಮೇಲೆ ಕೂಗಾಡಿದೆ ಎಂದು ನೀವೇ ಬರೆದಿದ್ದೀರಿ. ನಿಮ್ಮ ಜಾಗದಲ್ಲಿ ನಾನೂ ಕೂಗುತ್ತಿದ್ದೆನೇನೋ. ಆದರೆ ಒಳಗೆ ಏಕಕಾಲಕ್ಕೆ ಮೂವರು ಗಾಯಾಳುಗಳನ್ನು ನೋಡುತ್ತಿದ್ದ ಆ ಹುಡುಗನಿಗೆ ಹೊರಗಿನ ಬೆಂಚು ಕಾಣುತ್ತಿರಲಿಲ್ಲ. ದೂರು ಹೋಗಬೇಕಾದದ್ದು ಬಾಗಿಲಿಗೆ ಯಾರನ್ನೂ ನೇಮಿಸದವರ ಮೇಲೆ.

ಚೀಟಿಯನ್ನು ಹುಡುಕಿಡಿ, ಅದರಲ್ಲಿ ನೀವು ಬಂದ ಸಮಯ ಇರಬಹುದು. ಇಸಿಜಿ ಕಾಗದದ ಮೇಲೂ ಸಾಮಾನ್ಯವಾಗಿ ಸಮಯ ಅಚ್ಚಾಗಿರುತ್ತದೆ (ಯಂತ್ರದ ಗಡಿಯಾರ ಸರಿಯಿದ್ದರೆ). ಎರಡರ ನಕಲನ್ನೂ ಲಗತ್ತಿಸಿ ವೈದ್ಯಕೀಯ ಅಧೀಕ್ಷಕರಿಗೆ ಬರೆಯಿರಿ, ಇನ್ನೊಂದು ಪ್ರತಿ ನಮಗಿರಲಿ. ಇಸಿಜಿ ಕಾಗದದ ಅಚ್ಚು ಬೇಗ ಮಾಸುತ್ತದೆ. ನಕಲನ್ನು ಈ ವಾರವೇ ತೆಗೆಸಿ.

– ಸಂ.