ಹೈಸ್ಕೂಲಿನಲ್ಲಿ ಎಲ್ಲಾ 'ಎ' ತೆಗೆದವರ ಗ್ರೇಡ್ ವೆಸ್ಟ್ ಪಾಯಿಂಟ್‌ಗೆ ಹೋದ ಮೇಲೆ ಎಷ್ಟು ಇಳಿಯುತ್ತದೆ?

ನಿಮ್ಮ ಪ್ರಶ್ನೆ ಓದಿ ನಗು ಬಂತು, ಬೇಜಾರು ಮಾಡ್ಕೋಬೇಡಿ. ಮಗಳಿಗೆ ಹೈಸ್ಕೂಲಿನಲ್ಲಿ ಜಿಪಿಎ (ಗ್ರೇಡುಗಳ ಸರಾಸರಿ) 4.0, ಅಂದರೆ ಎಲ್ಲಾ 'ಎ'. ಎಪಿ, ಅಂದರೆ ಕಾಲೇಜು ಮಟ್ಟದ ಕ್ಲಾಸುಗಳ ತೂಕ ಸೇರಿಸಿದರೆ 4.5. ಈಗ ಅಮೆರಿಕದ ಸೇನಾ ಅಕಾಡೆಮಿ ವೆಸ್ಟ್ ಪಾಯಿಂಟ್‌ನಲ್ಲಿ ಸೀಟು ಸಿಕ್ಕಿದೆ, ಅಲ್ಲಿ ಗ್ರೇಡ್ ಎಷ್ಟು ಬೀಳಬಹುದು ಅಂತ ಕೇಳಿದ್ದೀರಿ. ಹದಿನೈದು ವರ್ಷದ ಹಿಂದೆ ನಮ್ಮಮ್ಮನೂ ಇದನ್ನೇ ಕೇಳಿದ್ದರು. ಆದರೆ ಅವರು ಕೇಳಿದ್ದು ಗ್ರೇಡ್ ಬಿದ್ದ ಮೇಲೆ.

ನನ್ನ ಲೆಕ್ಕ ಹೇಳಿಬಿಡುತ್ತೇನೆ. ಹೈಸ್ಕೂಲು 4.0. ವೆಸ್ಟ್ ಪಾಯಿಂಟ್‌ನ ಮೊದಲ ಸೆಮಿಸ್ಟರು 2.6. ನಾಲ್ಕು ವರ್ಷ ಮುಗಿಸಿ ಹೊರಗೆ ಬರುವಾಗ 3.2. ನನ್ನ ರೂಮ್‌ಮೇಟ್ ತನ್ನ ಶಾಲೆಗೇ ಫಸ್ಟ್ ಬಂದವನು, ಅವನ ಮೊದಲ ಸೆಮಿಸ್ಟರು 2.3. ಎಲ್ಲರಿಗೂ ಹೀಗೇ ಆಗುತ್ತದೆ ಅಂತ ಹೇಳಲ್ಲ. ಮೊದಲ ದಿನದಿಂದಲೇ 4.0 ಹೊಡೆದವರೂ ನಮ್ಮ ಜೊತೆ ಇದ್ದರು. ಅವರ ಕಾಲರಿನ ಮೇಲೆ ಚಿನ್ನದ ಬಣ್ಣದ ನಕ್ಷತ್ರ ಇರುತ್ತದೆ, ದೂರದಿಂದಲೇ ಗೊತ್ತಾಗುತ್ತದೆ. ನಾವು ಆ ನಕ್ಷತ್ರ ನೋಡಿಕೊಂಡು ಊಟ ಮಾಡುತ್ತಿದ್ದೆವು.

ಯಾಕೆ ಬೀಳುತ್ತದೆ ಅಂದರೆ, ಎಲ್ಲರೂ ಮೊದಲು ಹೇಳೋದು ಪೈಪೋಟಿ. ವರ್ಷಕ್ಕೆ ಸುಮಾರು 1,200 ಮಂದಿ ಸೇರುತ್ತಾರೆ, ಅದರಲ್ಲಿ ಬಹಳಷ್ಟು ಜನ ತಂತಮ್ಮ ಶಾಲೆಯಲ್ಲಿ ಮೇಲಿನ ಸಾಲಿನವರೇ. ಅದು ನಿಜ. ಆದರೂ ನನ್ನ ಪ್ರಕಾರ ದೊಡ್ಡ ಕಾರಣ ಹೊತ್ತು ಸಾಲದೇ ಇರೋದು.

ಹೈಸ್ಕೂಲಿನಲ್ಲಿ ನನ್ನ ಗುಟ್ಟು ಏನು ಗೊತ್ತಾ? ಜಾಸ್ತಿ ಹೊತ್ತು ಕೂರೋದು, ಅಷ್ಟೇ. ಅರ್ಥವಾಗದಿದ್ದರೆ ರಾತ್ರಿ ಎರಡು ಗಂಟೆಯವರೆಗೆ ಕೂತು ಮುಗಿಸುತ್ತಿದ್ದೆ. ಟೆಸ್ಟ್ ಕೆಟ್ಟರೆ ಇನ್ನೊಮ್ಮೆ ಬರೆಯಲು ಬಿಡುತ್ತಿದ್ದರು. ಹೋಂವರ್ಕ್ ಕೊಟ್ಟರೆ ಒಂದಿಷ್ಟು ಅಂಕ, ಪೋಸ್ಟರ್ ಮಾಡಿದರೆ ಇನ್ನೊಂದಿಷ್ಟು. ನನ್ನ 'ಎ'ಗಳಲ್ಲಿ ಎಷ್ಟು ಬುದ್ಧಿಯದ್ದು, ಎಷ್ಟು ಹಟದ್ದು ಅಂತ ನನಗೇ ಗೊತ್ತಿರಲಿಲ್ಲ.

ಅಲ್ಲಿ ಮೊದಲ ವರ್ಷದವರಿಗೆ ಪ್ಲೀಬ್ ಅಂತಾರೆ. ಪ್ಲೀಬ್‌ನ ದಿನ ಅವನದಲ್ಲ. ಬೆಳಗ್ಗೆ ಗಡಿಯಾರದ ಕೆಳಗೆ ಅಟೆನ್ಷನ್‌ನಲ್ಲಿ ನಿಂತು, ಫಾರ್ಮೇಷನ್‌ಗೆ (ಎಲ್ಲರೂ ಸಾಲಾಗಿ ನಿಲ್ಲೋದಕ್ಕೆ) ಇನ್ನೆಷ್ಟು ನಿಮಿಷ, ಯಾವ ಯೂನಿಫಾರ್ಮ್ ಅಂತ ಇಡೀ ಕಾರಿಡಾರಿಗೆ ಕೇಳುವ ಹಾಗೆ ಕೂಗಬೇಕು. ಸೀನಿಯರ್‌ಗಳ ಲಾಂಡ್ರಿ ಅವರವರ ರೂಮಿಗೆ ಮುಟ್ಟಿಸಬೇಕು. ಆಮೇಲೆ ಕ್ಲಾಸುಗಳು. ಮಧ್ಯಾಹ್ನದ ಮೇಲೆ ಆಟ ಅಥವಾ ಡ್ರಿಲ್, ಅದು ಯಾರಿಗೂ ತಪ್ಪಲ್ಲ. ಊಟ ಮುಗಿಸಿ ಓದಲು ಕೂತರೆ 11:30ಕ್ಕೆ ಟ್ಯಾಪ್ಸ್, ಅಂದರೆ ಮಲಗುವ ಹೊತ್ತಿನ ಕಹಳೆ, ಊದುತ್ತಾರೆ. ಆ ಮೂರು-ಮೂರೂವರೆ ಗಂಟೆಯಲ್ಲಿ ಗಣಿತ, ಕೆಮಿಸ್ಟ್ರಿ, ಇತಿಹಾಸ, ಇಂಗ್ಲಿಷ್ ಪ್ರಬಂಧ, ಜೊತೆಗೆ ಬೆಳಗಿನ ಇನ್‌ಸ್ಪೆಕ್ಷನ್‌ಗೆ ಶೂ ಪಾಲಿಶ್. ಹಟ ಎಲ್ಲಿ ಹಿಡೀತೀರಿ?

ಪಾಠದ ಕ್ರಮವೂ ಉಲ್ಟಾ. 1817ರಿಂದ 1833ರವರೆಗೆ ಅಲ್ಲಿ ಸೂಪರಿಂಟೆಂಡೆಂಟ್, ಅಂದರೆ ಮುಖ್ಯಸ್ಥ, ಆಗಿದ್ದ ಸಿಲ್ವೇನಸ್ ಥೇಯರ್ ಹಾಕಿಕೊಟ್ಟ ದಾರಿ ಅದು. ನಾಳಿನ ಪಾಠ ಇವತ್ತು ರಾತ್ರಿ ನೀವೇ ಓದಿಕೊಂಡು ಬರಬೇಕು, ಕ್ಲಾಸಿನಲ್ಲಿ ನೀವೇ ಮಾಡಿ ತೋರಿಸಬೇಕು. ಒಂದು ಸೆಕ್ಷನ್ನಿನಲ್ಲಿ ಹದಿನೆಂಟು ಜನರ ಆಸುಪಾಸು. ನಮ್ಮ ಗಣಿತದ ಕೋಣೆಯಲ್ಲಿ ಸುತ್ತಲೂ ಗೋಡೆ ತುಂಬಾ ಬೋರ್ಡು. 'ಟೇಕ್ ಬೋರ್ಡ್ಸ್' ಅಂದ ಕೂಡಲೇ ಎಲ್ಲರೂ ಎದ್ದು ಒಂದೊಂದು ಬೋರ್ಡಿನ ಮುಂದೆ ನಿಲ್ಲಬೇಕು. ಓದದೆ ಬಂದ ದಿನ ಚಾಕ್‌ಪೀಸ್ ಹಿಡಿದು ಹೆಸರು ಬರೆದು, ಅಡಿಗೆರೆ ಎಳೆದು, ಸುಮ್ನೆ ಗೆರೆ ದಪ್ಪ ಮಾಡುತ್ತಾ ನಿಂತಿದ್ದು ನನಗೆ ಇನ್ನೂ ನೆನಪಿದೆ. ಬಚ್ಚಿಟ್ಟುಕೊಳ್ಳಲು ಹಿಂದಿನ ಬೆಂಚು ಅನ್ನೋದೇ ಇಲ್ಲ.

ಮೊದಲ ಡಬ್ಲ್ಯೂಪಿಆರ್ ಬಂತು. ಅಲ್ಲಿ ಮಿಡ್‌ಟರ್ಮ್ ಪರೀಕ್ಷೆಗೆ ಹಾಗಂತಾರೆ. ನೂರಕ್ಕೆ 61. ಭಾನುವಾರ ಮನೆಗೆ ಫೋನ್ ಮಾಡಿ ಹೇಳಿದೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಐವತ್ತಕ್ಕಾ?" ಅಂದರು. ಪಾಪ, ಐವತ್ತಕ್ಕೆ ಅರವತ್ತೊಂದು ಹೇಗೆ ಬರುತ್ತೆ ಅಂತ ಇಬ್ಬರಿಗೂ ಆ ಕ್ಷಣಕ್ಕೆ ಹೊಳೆಯಲಿಲ್ಲ.

ಎಐ ಅಂತ ಒಂದಿದೆ. ಈಗಿನ ಎಐ ಅಲ್ಲ, ಅಡಿಷನಲ್ ಇನ್‌ಸ್ಟ್ರಕ್ಷನ್. ಕ್ಲಾಸು ಬಿಟ್ಟ ಮೇಲೆ ಮೇಷ್ಟ್ರ ಹತ್ತಿರ ಒಬ್ಬರೇ ಹೋಗಿ ಹೇಳಿಸಿಕೊಳ್ಳೋದು. ಪಾಠ ಮಾಡುವವರಲ್ಲಿ ಹೆಚ್ಚಿನವರು ಸೇನೆಯ ಕ್ಯಾಪ್ಟನ್, ಮೇಜರ್‌ಗಳು, ನಮ್ಮ ಮೇಜರ್ ಮೊದಲ ದಿನವೇ ಫೋನ್ ನಂಬರ್ ಕೊಟ್ಟಿದ್ದರು. ನಾನು ಹೋಗಿರಲಿಲ್ಲ. ಹೈಸ್ಕೂಲಿನಲ್ಲಿ ಬೇರೆಯವರಿಗೆ ಹೇಳಿಕೊಡುತ್ತಿದ್ದವನು, ಈಗ ಹೋಗಿ ಕೇಳೋದು ಅಂದರೆ ನಾಚಿಕೆ. 61 ಬಂದ ಮೇಲೆ ಹೋದೆ. ಅವರು ನನ್ನ ಉತ್ತರ ಪತ್ರಿಕೆ ನೋಡಲೇ ಇಲ್ಲ. ಬೋರ್ಡಿಗೆ ಕಳಿಸಿ ಒಂದು ಲೆಕ್ಕ ಮಾಡಿಸಿದರು. ಉತ್ತರ ಸರಿ ಬಂತು. "ಎರಡನೇ ಸಾಲಿಂದ ಮೂರನೇ ಸಾಲಿಗೆ ಹೇಗೆ ಬಂದೆ, ಹೇಳು" ಅಂದರು. ಹೇಳಲು ಆಗಲಿಲ್ಲ. ಒಂದೇ ಬಗೆಯ ಲೆಕ್ಕ ನೂರು ಸಲ ಮಾಡಿ ಕೈಗೆ ರೂಢಿಯಾಗಿತ್ತು, ತಲೆಗೆ ಹೋಗಿರಲಿಲ್ಲ. ಆ ದಿನದಿಂದ ವಾರಕ್ಕೆ ಎರಡು ಸಲ ಹೋದೆ. ಆ ವಿಷಯದಲ್ಲಿ ಕೊನೆಗೆ 'ಬಿ-' ಬಂತು. ನನ್ನ ಟ್ರಾನ್ಸ್‌ಕ್ರಿಪ್ಟಿನಲ್ಲಿ ನಾನು ಈಗಲೂ ತೋರಿಸಿ ಹೇಳಿಕೊಳ್ಳುವ ಗ್ರೇಡ್ ಅದೊಂದೇ.

ಇನ್ನೊಂದು ವಿಷಯ, ಇದು ನಿಮ್ಮಂಥ ಅಪ್ಪ ಅಮ್ಮಂದಿರಿಗೆ ಬೇಗ ಅರ್ಥವಾಗಲ್ಲ. ಓದಿಗೆ ಮಾತ್ರ ಗ್ರೇಡ್ ಅಂದುಕೊಳ್ಳಬೇಡಿ. ನಮ್ಮ ಕಾಲದಲ್ಲಿ ಒಟ್ಟು ರ್‍ಯಾಂಕಿನಲ್ಲಿ ಓದಿಗೆ 55 ಪಾಲು, ಮಿಲಿಟರಿ ಕೆಲಸಕ್ಕೆ 30, ದೈಹಿಕಕ್ಕೆ 15. ಅನಾಪೊಲಿಸ್‌ನ ನೇವಲ್ ಅಕಾಡೆಮಿ, ಕೊಲೊರಾಡೊದ ಏರ್ ಫೋರ್ಸ್ ಅಕಾಡೆಮಿಯಲ್ಲೂ ಮೂರನ್ನೂ ಸೇರಿಸಿಯೇ ಲೆಕ್ಕ ಹಾಕುತ್ತಾರೆ. ಬಾಕ್ಸಿಂಗ್‌ಗೆ ಗ್ರೇಡ್, ಈಜಿಗೆ ಗ್ರೇಡ್. ಈಜು ಬಾರದವರಿಗೆ ಅಲ್ಲಿ 'ರಾಕ್' ಅಂತ ಹೆಸರು, ಅಂದರೆ ಕಲ್ಲು. ನಾನು ಕಲ್ಲೇ. ಕೊಳದ ಅಂಚು ಹಿಡಿದುಕೊಂಡು, ಮೂಗಿಗೆ ನೀರು ಹೋಗಿ ಕೆಮ್ಮುತ್ತಿರುವಾಗ ನನ್ನ ಜಿಪಿಎ ಯಾರೂ ಕೇಳಲಿಲ್ಲ. ಇಂಡೋರ್ ಅಬ್‌ಸ್ಟಕಲ್ ಕೋರ್ಸ್ ಅಂತ ಇನ್ನೊಂದು. ಎಂಟು ಅಡಿ ಎತ್ತರದ ಹಲಗೆಗೆ ಜಿಗಿದು ಹಿಡಿದು ಮೇಲೆ ಹತ್ತಬೇಕು, ಹಗ್ಗ ಏರಬೇಕು, ಕೊನೆಗೆ ಭಾರದ ಚೆಂಡು ಅಪ್ಪಿಕೊಂಡು ಓಡಬೇಕು. ಅದು ಮುಗಿದ ಮೇಲೆ ಆ ಹಳೇ ಜಿಮ್ಮಿನ ಧೂಳಿಗೆ ಬರುವ ಕೆಮ್ಮು ಸಂಜೆಯವರೆಗೂ ಬಿಡಲ್ಲ. ಅದಕ್ಕೂ ಸಮಯ ನೋಡಿ ಗ್ರೇಡ್ ಕೊಡುತ್ತಾರೆ.

ಮಗಳಿಗೆ ಎಪಿ ಅಂಕ ಚೆನ್ನಾಗಿದೆ ಅಂದಿರಿ. ಕೆಲವು ವಿಷಯ ದಾಟಿ ಮುಂದಿನ ಕೋರ್ಸಿಗೆ ಹೋಗಲು ಅವಕಾಶ ಸಿಗಬಹುದು. ನನ್ನನ್ನು ಕೇಳಿದರೆ ಸಿಕ್ಕಿದ್ದನ್ನೆಲ್ಲ ದಾಟಬೇಡಿ. ಮೊದಲ ಸೆಮಿಸ್ಟರಿನಲ್ಲಿ ಅರ್ಧ ಗೊತ್ತಿರುವ ವಿಷಯ ಒಂದಾದರೂ ಇರಲಿ, ಉಸಿರಾಡಲು ಬೇಕಾಗುತ್ತೆ. ಬೇಸಿಗೆಯಲ್ಲಿ ಕ್ಯಾಲ್ಕ್ಯುಲಸ್ ಉರು ಹೊಡೆಸೋದಕ್ಕಿಂತ ಈಜು ಕಲಿಸಿ.

ಇನ್ನು ಎಷ್ಟು ಬಿದ್ದರೆ ಹೆದರಬೇಕು? ಪಾಸಾಗಿ ಹೊರಬರಲು ಒಟ್ಟು ಸರಾಸರಿ 2.0 ಬೇಕು. 'ಎಫ್' ಬಂದರೆ ಅಕಾಡೆಮಿಕ್ ಬೋರ್ಡ್ ನೋಡುತ್ತದೆ. ರಜೆ ಬಿಟ್ಟು ಬೇಸಿಗೆಯಲ್ಲಿ ಮತ್ತೆ ಓದಿಸಬಹುದು, ಒಂದು ವರ್ಷ ಹಿಂದೆ ಹಾಕಬಹುದು, ಮನೆಗೂ ಕಳಿಸಬಹುದು. ಅಲ್ಲಿ ಸಮಾಧಾನಕ್ಕೆ ಹಳೆಯ ಕಥೆ ಹೇಳುತ್ತಾರೆ. 1861ರ ಜೂನಿನಲ್ಲಿ ಪಾಸಾದ 34 ಜನರಲ್ಲಿ, ಮುಂದೆ ಹೆಸರಾಂತ ಸೇನಾಧಿಕಾರಿಯಾದ ಕಸ್ಟರ್ ಕೊನೆಯವನು. ಮುಂದೆ ಅಮೆರಿಕದ ಅಧ್ಯಕ್ಷರಾದ ಐಸೆನ್‌ಹೋವರ್ 1915ರಲ್ಲಿ 164ಕ್ಕೆ 61ನೆಯವರು. ನೇವಲ್ ಅಕಾಡೆಮಿಯಲ್ಲಿ, ಮುಂದೆ ಸೆನೆಟರ್ ಆದ ಜಾನ್ ಮೆಕೇನ್ 1958ರಲ್ಲಿ 899 ಜನರಲ್ಲಿ 894ನೆಯವರು. ಕೇಳಲು ಚೆಂದ. ಆದರೆ ಪಟ್ಟಿಯಲ್ಲಿ ಕೊನೆಯವನಾಗಲು ಮೊದಲು ಪಟ್ಟಿಯಲ್ಲಿ ಇರಬೇಕು ಅಲ್ವಾ? ಮಧ್ಯದಲ್ಲಿ ಮನೆಗೆ ಹೋದವರ ಹೆಸರು ಆ ಕಥೆಯಲ್ಲಿ ಬರಲ್ಲ. ಹಾಗಾಗಿ 2.6ಕ್ಕೆ ಅಳಬೇಡಿ, 2.1 ಬಂದರೆ ಕಸ್ಟರ್ ಕಥೆ ಹೇಳಿ ಕೂರಬೇಡಿ.

ಫೋನಿನಲ್ಲಿ ಗ್ರೇಡ್ ಕೇಳಬೇಡಿ. "ಈ ವಾರ ಎಐಗೆ ಹೋಗಿದ್ಯಾ?" ಅಂತ ಕೇಳಿ. ನಮ್ಮಮ್ಮ ಎರಡನೇ ಸೆಮಿಸ್ಟರಿನಿಂದ ಅದನ್ನೇ ಕೇಳುತ್ತಿದ್ದರು. ಅದು ಯಾವುದೋ ಕ್ಯಾಂಟೀನಿನ ಹೆಸರು ಅಂದುಕೊಂಡಿದ್ದರಂತೆ, ನಾನು ಪಾಸಾದ ವರ್ಷ ಹೇಳಿದರು.