ವರ್ಣಮಾಲೆ ಬಾಯಿಗೆ ಬಂದಿತ್ತು, ಅಕ್ಷರ ಕಣ್ಣಿಗೆ ಬಂದಿರಲಿಲ್ಲ

ತುಮಕೂರು ಸೀಮೆಯ ಒಂದು ಪಟ್ಟಣದಿಂದ, ಅವರೆಕಾಯಿಯ ಕಾಲದಲ್ಲಿ, ಐದೂವರೆ ವರ್ಷದ ಯುಕೆಜಿ ಹುಡುಗನೊಬ್ಬನನ್ನು ಅವನ ತಾಯಿ ಮತ್ತು ಅಜ್ಜಿ ಕಲಿಕೆಯ ಬಗ್ಗೆ ಸಲಹೆ ಕೇಳಲು ನನ್ನ ಬಳಿಗೆ ಕರೆತಂದಿದ್ದರು. ಅವನನ್ನು ಇಲ್ಲಿ ಪವನ ಎಂದು ಕರೆಯುತ್ತೇನೆ. ನಿಜವಾದ ಹೆಸರು ಬೇರೆ. ಆ ಹೆಸರಿನ ಅಕ್ಷರಗಳಲ್ಲಿದ್ದ ತೊಡಕು ಇದರಲ್ಲೂ ಉಳಿಯಲೆಂದು ಈ ಹೆಸರನ್ನು ಆರಿಸಿಕೊಂಡಿದ್ದೇನೆ. ಸಂಜೆ ಹೋಂವರ್ಕಿಗೆ ಕೂರಿಸಿದೊಡನೆ ಹುಡುಗನಿಗೆ ಹೊಟ್ಟೆನೋವು ಬರುತ್ತದೆ ಎಂಬುದು ಮನೆಯವರ ದೂರು. ಮಕ್ಕಳ ವೈದ್ಯರು ಪರೀಕ್ಷಿಸಿ, ದೇಹದಲ್ಲಿ ತೊಂದರೆಯೇನೂ ಇಲ್ಲವೆಂದು ಹೇಳಿದ್ದರು. ರಜೆಯ ದಿನಗಳಲ್ಲಿ ನೋವು ಇರುತ್ತಿರಲಿಲ್ಲ.

"ಮೇಡಂ, ಅ ಇಂದ ಳ ತನಕ ಗಡಗಡ ಅಂತ ಹೇಳ್ತಾನೆ. ಬರಿ ಅಂದ್ರೆ ಮಾತ್ರ ಒಂದೂ ಬರಲ್ಲ. ಇದು ಸೋಮಾರಿತನ ಅಲ್ವಾ?" ಎಂದು ತಾಯಿ ಕೇಳಿದರು. ಹುಡುಗ ನಿಜಕ್ಕೂ ಒಂದೇ ಉಸಿರಿನಲ್ಲಿ ಎಲ್ಲವನ್ನೂ ಹೇಳಿ ಮುಗಿಸಿದ. ಆಮೇಲೆ ಗೋಡೆಯ ಚಾರ್ಟಿನಲ್ಲಿದ್ದ ಮ ಅಕ್ಷರವನ್ನು ತೋರಿಸಿದೆ. ಅವನು ಮೊದಲ ಸಾಲಿನಿಂದ ಹೇಳಿಕೊಳ್ಳುತ್ತಾ ಬಂದು, ಬೆರಳು ಅದರ ಮೇಲೆ ನಿಂತಾಗ "ಮ" ಎಂದ. ಅದೇ ಅಕ್ಷರವನ್ನು ಬಿಡಿ ಚೀಟಿಯಲ್ಲಿ ಬರೆದು ಮುಂದಿಟ್ಟಾಗ ತಾಯಿಯ ಮುಖ ನೋಡಿದ. ನಂದಿನಿ ಹಾಲಿನ ಪ್ಯಾಕೆಟ್ಟನ್ನು ತೋರಿಸಿದರೆ "ನಂದಿನಿ" ಎಂದು ಓದುತ್ತಿದ್ದ. ಅದರ ಮೊದಲ ಅಕ್ಷರವನ್ನು ಬಿಳಿ ಹಾಳೆಯಲ್ಲಿ ಬರೆದುಕೊಟ್ಟರೆ ಅದೂ ಅಪರಿಚಿತವೇ ಆಗಿತ್ತು.

ಅವನಿಗೆ ತಿಳಿದಿದ್ದದ್ದು ಅಕ್ಷರಗಳ ಸಾಲು ಮಾತ್ರ, ಅಕ್ಷರಗಳಲ್ಲ. ಗುರುತೇ ಸಿಗದ ಆಕಾರವನ್ನು ಪುಟದ ತುಂಬ ನಕಲು ಮಾಡುವುದು ದೊಡ್ಡವರಿಗೂ ಬೇಸರದ ಕೆಲಸ. ಅವನ ನೋಟ್‌ಬುಕ್ಕಿನಲ್ಲಿ ಪ್ರತಿ ಪುಟದ ಮೊದಲ ಸಾಲು ಶಿಕ್ಷಕಿಯದ್ದನ್ನು ಹೋಲುತ್ತಿತ್ತು. ಎರಡನೆಯ ಸಾಲಿನಿಂದಾಚೆಗೆ ಅವನು ತನ್ನದೇ ಹಿಂದಿನ ಸಾಲನ್ನು ನೋಡಿ ಬರೆದಿದ್ದರಿಂದ, ಪುಟದ ಕೊನೆಗೆ ಬರುವಷ್ಟರಲ್ಲಿ ಅ ಎಂಬುದು ಬೇರೆಯೇ ಒಂದು ಆಕಾರ ತಾಳಿತ್ತು. ಇದರ ಜೊತೆಗೆ ಇಂಗ್ಲಿಷಿನ ದೊಡ್ಡ ಅಕ್ಷರ, ಸಣ್ಣ ಅಕ್ಷರ ಎರಡೂ ಇದ್ದವು. ಕನ್ನಡದ 49, ಇಂಗ್ಲಿಷಿನ 52, ಹೀಗೆ ನೂರಕ್ಕೂ ಹೆಚ್ಚು ಆಕಾರಗಳನ್ನು ಒಂದೇ ವರ್ಷದಲ್ಲಿ ಈ ಪುಟ್ಟ ಕೈಯಿಂದ ಮಾಡಿಸಲಾಗುತ್ತಿತ್ತು. ಇದನ್ನು ಸೋಮಾರಿತನವೆಂದು ಕರೆಯುವುದಕ್ಕೆ ನನ್ನ ಮನಸ್ಸು ಒಪ್ಪಲಿಲ್ಲ, ಅದನ್ನು ತಾಯಿಗೆ ನೇರವಾಗಿಯೇ ಹೇಳಿದೆ.

ಮೊದಲ ಸಲಹೆ, ಕೆಲವು ವಾರಗಳ ಮಟ್ಟಿಗೆ ಮನೆಯಲ್ಲಿ ನಕಲು ಬರವಣಿಗೆಯನ್ನು ಪೂರ್ತಿ ನಿಲ್ಲಿಸುವುದು. "ಬಿಟ್ರೆ ಹಿಂದೆ ಬೀಳ್ತಾನೆ ಮೇಡಂ" ಎಂದು ತಾಯಿ ಹಿಂಜರಿದರು. ಅವರ ಆತಂಕ ಸುಳ್ಳಲ್ಲ, ಏಕೆಂದರೆ ನೋಟ್‌ಬುಕ್ ಖಾಲಿಯಿದ್ದರೆ ಶಾಲೆಯಿಂದ ಡೈರಿಯಲ್ಲಿ ಬರೆದು ಕಳುಹಿಸುತ್ತಿದ್ದರು. ಆದ್ದರಿಂದ ತರಗತಿಯ ಶಿಕ್ಷಕಿಗೆ ನಾನೇ ಒಂದು ಪತ್ರ ಬರೆದುಕೊಟ್ಟೆ. ಶಿಕ್ಷಕಿ ಒಪ್ಪಿದರು, ಶಾಲೆಯ ಆಡಳಿತದವರು ಮಾತ್ರ ವಾರಕ್ಕೊಂದು ಪುಟವಾದರೂ ಇರಲೇಬೇಕೆಂದು ಪಟ್ಟು ಹಿಡಿದರು. ಆ ಒಂದು ಪುಟಕ್ಕೆ ನಾವು ತಲೆಬಾಗಿದೆವು.

ಅಕ್ಷರ ಗುರುತಿಸುವುದಕ್ಕೆ ವರ್ಣಮಾಲೆಯ ಕ್ರಮವನ್ನು ಬದಿಗಿಡಲು ಹೇಳಿದಾಗ ಅಜ್ಜಿಗೆ ಆಶ್ಚರ್ಯವಾಯಿತು. ಆದರೆ ನಮ್ಮ ಸರ್ಕಾರಿ ಶಾಲೆಗಳಲ್ಲಿ ಚಟುವಟಿಕೆಗಳ ಮೂಲಕ ಕಲಿಸುವ ನಲಿ-ಕಲಿ ತರಗತಿಗಳಲ್ಲಿ ಕಲಿಕೆ ಅ, ಆ, ಇ, ಈ ಎಂದು ಹೊರಡುವುದಿಲ್ಲ. ರ, ಗ, ಸ, ದ, ಅ ಎಂದು ಹೊರಡುತ್ತದೆ. ಈ ಐದೇ ಅಕ್ಷರಗಳಿಂದ ಸರ, ದರ, ಅರಸ, ಗರಗಸ ಎಂಬ ಪದಗಳು ಹುಟ್ಟುತ್ತವೆ. ಮಗು ಮೊದಲ ವಾರವೇ ಏನನ್ನಾದರೂ ಓದಿದೆನೆಂಬ ಸಂತೋಷವನ್ನು ಪಡೆಯುತ್ತದೆ. ಚಾರ್ಟಿನ ಕ್ರಮದಲ್ಲಿ ಹೋದರೆ ಋ, ಙ, ಞ ಎಲ್ಲವನ್ನೂ ದಾಟಿ ಬರಬೇಕು, ಆ ಙ ಐದು ವರ್ಷದ ಮಗುವಿಗೆ ಯಾವ ಪದದಲ್ಲಿ ಸಿಕ್ಕೀತು?

ಪವನನಿಗೆ ಅವನ ಹೆಸರಿನಿಂದಲೇ ಆರಂಭಿಸೋಣವೆಂದುಕೊಂಡೆವು. ಇಲ್ಲಿಯೇ ಆ ತೊಡಕು ಇದ್ದದ್ದು. ಪ ಮತ್ತು ವ ನೋಡಲು ಅಣ್ಣತಮ್ಮಂದಿರಂತಿವೆ. ವ ಅಕ್ಷರದ ಎಡಬದಿ ಮುಚ್ಚಿಕೊಳ್ಳುತ್ತದೆ, ಪ ತೆರೆದಿರುತ್ತದೆ, ವ ಅಕ್ಷರಕ್ಕೆ ಬಲಗಡೆ ಇನ್ನೊಂದು ಬಾಗು ಸೇರಿದರೆ ಮ ಆಗುತ್ತದೆ. ಹೋಲಿಕೆಯಿರುವ ಅಕ್ಷರಗಳನ್ನು ಒಂದೇ ದಿನ ಕಲಿಸಿದರೆ ಮಗು ಎರಡನ್ನೂ ಕಲಸಿಕೊಳ್ಳುತ್ತದೆ. ಹಾಗಾಗಿ ಮೊದಲು ನ, ಆಮೇಲೆ ಪ, ಅವೆರಡೂ ಗಟ್ಟಿಯಾದ ಮೇಲೆಯೇ ವ ಎಂದು ತೀರ್ಮಾನಿಸಿದೆವು. ಚೀಟಿಗಳನ್ನು ಬೆರೆಸಿಟ್ಟು "ನ ಎಲ್ಲಿದೆ, ಕೊಡು" ಎಂದು ಕೇಳಬೇಕು. "ಇದೇನು ಹೇಳು" ಎಂಬ ಪ್ರಶ್ನೆ ಅದಕ್ಕಿಂತ ಕಠಿಣವಾದ್ದರಿಂದ ಅದು ನಂತರ. ಬಸ್ಸಿನ ಬೋರ್ಡು, ಅಂಗಡಿಯ ಹಲಗೆ, ಹಾಲಿನ ಪ್ಯಾಕೆಟ್ಟುಗಳಲ್ಲಿ ಆ ವಾರದ ಅಕ್ಷರವನ್ನು ಹುಡುಕಿಸಬೇಕು. ತಪ್ಪಾದರೆ "ಅಲ್ಲ" ಎನ್ನದೆ, ಸರಿಯಾದ ಚೀಟಿಯನ್ನು ಪಕ್ಕಕ್ಕಿಟ್ಟು ಎರಡರ ಮೇಲೂ ಬೆರಳಾಡಿಸಲು ಹೇಳಬೇಕು.

ಕೈಯ ವಿಚಾರ ಬೇರೆ. ಹುಡುಗ ಪೆನ್ಸಿಲನ್ನು ಮುಷ್ಟಿಯಲ್ಲಿ ಹಿಡಿದು, ಮಣಿಕಟ್ಟನ್ನು ಎತ್ತಿ, ಇಡೀ ತೋಳಿನಿಂದ ಬರೆಯುತ್ತಿದ್ದ; ಹಾಳೆಯ ಹಿಂಬದಿಯಲ್ಲಿ ಅಕ್ಷರ ಉಬ್ಬಿ ಕಾಣುತ್ತಿತ್ತು. ಇಂಥ ಬೆರಳುಗಳಿಗೆ ಬೇಕಾದದ್ದು ಇನ್ನೊಂದು ಕಾಪಿ ಪುಸ್ತಕವಲ್ಲ. ಮನೆಯಲ್ಲಿ ದಿನವೂ ಅವರೆಕಾಯಿ ಬಿಡಿಸುತ್ತಿದ್ದರು. ಕಾಯಿ ಸುಲಿಯುವ ಕೆಲಸ, ನೆನೆಸಿದ ಕಾಳನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿದು ಹಿತುಕುವ ಕೆಲಸ, ಚಪಾತಿ ಹಿಟ್ಟಿನ ಉಂಡೆ, ಮಣಿ ಪೋಣಿಸುವುದು, ಇವನ್ನೇ ಅಭ್ಯಾಸವಾಗಿ ಬರೆದುಕೊಟ್ಟೆ. ಅಕ್ಷರಾಭ್ಯಾಸದ ದಿನ ಮಾಡಿದಂತೆ ತಟ್ಟೆಯಲ್ಲಿ ಅಕ್ಕಿ ಹರಡಿ ಬೆರಳಿನಿಂದ ತಿದ್ದಿಸುವುದನ್ನು ಅಜ್ಜಿ ಸಂತೋಷದಿಂದ ವಹಿಸಿಕೊಂಡರು. ಒಂದು ಎಚ್ಚರಿಕೆ ಹೇಳಿದೆ: ಮಗುವಿನ ಮುಷ್ಟಿಯನ್ನು ಹಿಡಿದು ಎಳೆದಾಡಿದರೆ ಬರೆಯುವುದು ಹಿರಿಯರ ಕೈ, ಮಗುವಿನದ್ದಲ್ಲ. ಹಿರಿಯರು ಮೊದಲು ನಿಧಾನವಾಗಿ ಬರೆದು ತೋರಿಸಿ, ಎಲ್ಲಿಂದ ಆರಂಭಿಸಬೇಕೆಂಬಲ್ಲಿ ಒಂದು ಚುಕ್ಕಿಯಿಟ್ಟು ಬಿಡಬೇಕು. ಆಮೇಲೆ ನೆಲದ ಮೇಲೆ ಸೀಮೆಸುಣ್ಣ, ಆಮೇಲೆ ಸ್ಲೇಟು. ಬಳಪ ಬೆರಳಿನ ಗಿಣ್ಣಿನಷ್ಟು ಗಿಡ್ಡವಾಗಿದ್ದರೆ ಒಳ್ಳೆಯದು, ಮುಷ್ಟಿಯಲ್ಲಿ ಹಿಡಿಯಲು ಜಾಗವೇ ಇರುವುದಿಲ್ಲ.

ಮಗನಿಗೆ ಕಲಿಕಾ ನ್ಯೂನತೆ ಇರಬಹುದೇ ಎಂದು ತಂದೆ ಫೋನಿನಲ್ಲಿ ಕೇಳಿದ್ದರು. ಅಕ್ಷರಗಳನ್ನು ತಿರುವುಮುರುವಾಗಿ ಬರೆಯುವುದು ಈ ವಯಸ್ಸಿನಲ್ಲಿ ಸಾಮಾನ್ಯ. ಅಂಥ ನ್ಯೂನತೆಯ ವಿಧಿವತ್ತಾದ ಪರೀಕ್ಷೆಯನ್ನು ಸಾಮಾನ್ಯವಾಗಿ ಎಂಟು ವರ್ಷದ ಸುಮಾರಿಗೆ ಮಾಡುತ್ತಾರೆ. ಈಗಲೇ ಆ ಹಣೆಪಟ್ಟಿ ಹಚ್ಚುವುದು ಬೇಡವೆಂದೆ. ಕಣ್ಣು ಮತ್ತು ಕಿವಿಯ ತಪಾಸಣೆಯನ್ನು ಮಾತ್ರ ಮುಂದೂಡಬಾರದೆಂದು ಹೇಳಿದೆ. ಅವೆರಡೂ ಸರಿಯಿದ್ದವು.

ಮಾರ್ಚ್‌ಗೆ ಮುಂಚೆ ಅವರು ಮತ್ತೆ ಬಂದಾಗ ಹೊಟ್ಟೆನೋವು ಬಹುಮಟ್ಟಿಗೆ ನಿಂತಿತ್ತು, ಶಾಲೆಯ ಆ ವಾರದ ಪುಟದ ಹಿಂದಿನ ರಾತ್ರಿ ಮಾತ್ರ ಇಣುಕುತ್ತಿತ್ತು. ಬಿಡಿ ಚೀಟಿಗಳಲ್ಲಿ ಹಲವು ಅಕ್ಷರಗಳನ್ನು ತಡವರಿಸದೆ ಎತ್ತಿಕೊಟ್ಟ. ವ ಮತ್ತು ಮ ಇನ್ನೂ ಅದಲುಬದಲಾಗುತ್ತಿದ್ದವು. ತಾಯಿ ಕಾಗುಣಿತ ಶುರುಮಾಡಲು ಆತುರದಲ್ಲಿದ್ದರು. ಕ, ಕಾ, ಕಿ, ಕೀ ಎಂದು ಮತ್ತೊಂದು ಸರಪಳಿಯನ್ನು ಬಾಯಿಪಾಠ ಮಾಡಿಸಬಾರದೆಂದು ಹೇಳಿ, ಅವನಿಗೆ ಈಗಾಗಲೇ ಗೊತ್ತಿರುವ ಸರ ಪದಕ್ಕೆ ಇಳಿ ಹಾಕಿ ಸಾರ ಮಾಡಿ ತೋರಿಸುವುದರಿಂದ ಆರಂಭಿಸಲು ತಿಳಿಸಿದೆ. ಗುಡಿಸು, ಕೊಂಬುಗಳು ಬೇಸಿಗೆ ರಜೆಯಲ್ಲಿ ಒಂದೊಂದಾಗಿ ಬರಲಿ; ಒತ್ತಕ್ಷರವನ್ನು ಒಂದನೆಯ ತರಗತಿಯ ಶಿಕ್ಷಕರಿಗೇ ಬಿಡಬೇಕೆಂದು ಹೇಳಿ ಕಳುಹಿಸಿದೆ.